ಅತ್ತೆಯ ಮುಖ ಓದಲು ಬಾರದವಳು

ನನ್ನ ಅತ್ತೆ ನನ್ನನ್ನು ನೋಡಿ ಒಮ್ಮೆಯೂ ನಗಲಿಲ್ಲ. ಮದುವೆಯಾದ ಮೊದಲ ನಾಲ್ಕು ವರ್ಷ ಇದೊಂದೇ ದೂರು ನನ್ನ ಎದೆಯೊಳಗೆ ಕಲ್ಲಿನ ಹಾಗೆ ಕೂತಿತ್ತು. ಸಾರು ಚೆನ್ನಾಗಿದ್ದರೂ ನಗಲಿಲ್ಲ, ಅನ್ನ ಸೀದು ಹೋದರೂ ಬೈಯಲಿಲ್ಲ. ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರಾಗುತ್ತಿದ್ದೆ. ನನ್ನ ಬಾಯಿ ಆಗಲೂ ಚಿಕ್ಕದಲ್ಲ, ಈಗಲೂ ಚಿಕ್ಕದಲ್ಲ. ಆದರೆ ಕಣ್ಣು ಮಿಟುಕಿಸದೆ ನೋಡುವ ಮುಖದ ಎದುರು ಎಂಥ ಬಾಯಿದ್ದರೂ ಏನು ಪ್ರಯೋಜನ?

ನಾನು ಮಡತ್ತುಕುಳಂ ಕಡೆಯವಳು. ಸುತ್ತ ಗದ್ದೆ, ಕಬ್ಬಿನ ತೋಟ. ನಮ್ಮ ಬೀದಿಯವರದು ಮಾತ್ರ ಮಗ್ಗದ ಬದುಕು. ಎಂಬತ್ತರ ದಶಕದ ಮೊದಲಲ್ಲಿ ನನ್ನನ್ನು ಕೊಟ್ಟದ್ದು ಪೊಳ್ಳಾಚಿಯಿಂದ ಬಸ್ಸಿನಲ್ಲಿ ಅರ್ಧ ಗಂಟೆ ದೂರದ ಇನ್ನೊಂದು ನೇಕಾರರ ಬೀದಿಗೆ. ಎರಡು ಕಡೆಯೂ ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಕನ್ನಡದ ಅಕ್ಷರ ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಾನು ಕಲಿತದ್ದು ಬಹಳ ತಡವಾಗಿ, ಮಗಳ ಜೊತೆ ಇರಲು ಮೈಸೂರಿಗೆ ಬಂದ ಮೇಲೆ. ಕಲಿತ ಮೇಲೆ ಏನು ಬರೆಯಲಿ ಎಂದು ಕೂತರೆ ಮೊದಲು ಬಂದದ್ದು ಅತ್ತೆಯ ಮುಖವೇ.

ಗಂಡನ ಮನೆಯಲ್ಲಿ ಇದ್ದದ್ದು ಮೂರೇ ಜನ: ಗಂಡ, ಅವರ ತಾಯಿ, ನಾನು. ಮಾವ ನಾನು ಬರುವ ಮೊದಲೇ ತೀರಿಕೊಂಡಿದ್ದರು. ನಡುಮನೆಯ ಕುಣಿಮಗ್ಗದಲ್ಲಿ ಗಂಡ ಬೆಳಗಿನಿಂದ ಸಂಜೆವರೆಗೆ ಸೀರೆ ನೇಯುತ್ತಿದ್ದರು. ಅತ್ತೆಯದು ನೂಲು ಕೆಚ್ಚುವ ಕೆಲಸ. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಮಗ್ಗದಲ್ಲಿ ಒಂದು ಹಾಸು, ಎಂದರೆ ಉದ್ದಕ್ಕೆ ಕಟ್ಟಿದ ನೂಲುಗಳ ಸಾಲು, ಮುಗಿಯುತ್ತಾ ಬಂದಾಗ ಅದರ ತುದಿಯನ್ನು ಪೂರ್ತಿ ಕಿತ್ತು ತೆಗೆಯುವುದಿಲ್ಲ. ಹಳೆಯ ಹಾಸಿನ ಒಂದೊಂದು ನೂಲಿಗೂ ಹೊಸ ಹಾಸಿನ ಒಂದೊಂದು ನೂಲನ್ನು ಸೇರಿಸಬೇಕು. ಗಂಟು ಹಾಕುವಂತಿಲ್ಲ. ಬೆರಳಿಗೆ ಚೂರು ಬೂದಿ ಮುಟ್ಟಿಸಿಕೊಂಡು, ಎರಡು ತುದಿಗಳನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಹೊಸೆದುಬಿಡಬೇಕು. ಹೀಗೆ ಸಾವಿರಾರು ನೂಲು. ನಮ್ಮತ್ತೆ ಕೆಚ್ಚಿದ ನೂಲು ಬಿಟ್ಟುಹೋದದ್ದನ್ನು ಕಂಡವರಿಲ್ಲ ಎಂದು ಬೀದಿಯಲ್ಲೆಲ್ಲ ಹೇಳುತ್ತಿದ್ದರು. ಯಾರ ಮನೆಯಲ್ಲಿ ಹೊಸ ಮಗ್ಗ ಹೂಡಿದರೂ ಮೊದಲ ನೂಲನ್ನು ಕೈರಾಶಿ, ಒಳ್ಳೆಯ ಕೈಗುಣ ಇರುವ ಹೆಂಗಸಿನಿಂದ ಕೆಚ್ಚಿಸುವುದು ಆ ಬೀದಿಯ ಪದ್ಧತಿ. ಆ ಕೈರಾಶಿ ನಮ್ಮತ್ತೆಯದು. ಗಂಡ ಸತ್ತವಳೆಂದು ಯಾರೂ ಅವರನ್ನು ಅದರಿಂದ ದೂರ ಇಟ್ಟಿರಲಿಲ್ಲ, ಅಷ್ಟು ಮರ್ಯಾದೆ ಆ ಕೈಗೆ.

ನಾನು ಹೋದ ಹೊಸತರಲ್ಲೇ ಒಂದು ವಿಷಯ ಕಣ್ಣಿಗೆ ಬಿತ್ತು. ಅತ್ತೆ ಕೆಲಸ ಮುಗಿಸಿ ಜಗಲಿಯಲ್ಲಿ ಸುಮ್ಮನೆ ಕೂತರೂ ಅವರ ಬಲಗೈ ಸುಮ್ಮನಿರುತ್ತಿರಲಿಲ್ಲ. ಹೆಬ್ಬೆರಳು ತೋರುಬೆರಳಿನ ಮೇಲೆ ತಾನಾಗಿ ಉರುಳುತ್ತಿತ್ತು. ಇಲ್ಲದ ನೂಲನ್ನು ಹೊಸೆಯುತ್ತಿರುವ ಹಾಗೆ, ಒಂದೇ ಸಮನೆ.

ಬೀದಿಯ ಹೆಂಗಸರು ನೋಡಿ ನಗುತ್ತಿದ್ದರು. "ಅಕ್ಕನ ಕೈಗೆ ಓಯ್ವೇ ಇಲ್ಲ ನೋಡೇ, ಸುಮ್ಮಾ ಕೂತ್ರೂ ಕೆಚ್ತಾನೇ ಇದೆ" ಎನ್ನುತ್ತಿದ್ದರು. ಆ ನಗೆಯಲ್ಲಿ ಹೆಮ್ಮೆಯೇ ಇತ್ತು. ನನ್ನ ಗಂಡನೂ ಹಾಗೇ ಹೇಳಿದರು. ನಲವತ್ತು ವರ್ಷ ಮಾಡಿದ ಕೆಲಸ, ಕೈ ಮರೆಯುತ್ತದೆಯೇ? ಬೇರೆ ಯಾವ ಬೀದಿಯಲ್ಲಾದರೂ ಒಬ್ಬ ಹೆಂಗಸಿನ ಬೆರಳು ಹೀಗೆ ಆಡಿದ್ದರೆ ತಿಂಗಳೊಳಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದರು. ನಮಗೆ ಅದರಲ್ಲಿ ರೋಗ ಕಾಣಲಿಲ್ಲ, ಕಸುಬು ಕಂಡಿತು. ಕೈಗೆ ನಿಜವಾದ ನೂಲು ಕೊಟ್ಟ ಕೂಡಲೇ ಆ ಆಟ ನಿಂತುಹೋಗುತ್ತಿತ್ತು, ಅದರಿಂದ ನಮ್ಮ ನಂಬಿಕೆ ಇನ್ನೂ ಗಟ್ಟಿಯಾಯಿತು. ಕೈ ಕೆಲಸ ಕೇಳುತ್ತಿದೆ, ಕೊಟ್ಟರೆ ತಣ್ಣಗಾಗುತ್ತದೆ ಎಂದುಕೊಂಡೆವು.

ಮುಖದ ವಿಷಯ ಬೇರೆ. ನಮ್ಮ ಮದುವೆಗೆ ಮೊದಲು ಅತ್ತೆ ಬಹಳ ನಗುತ್ತಿದ್ದರಂತೆ. ನೀರು ಹಿಡಿಯುವ ಕಡೆ ಬೀದಿಯವಳೊಬ್ಬಳು ಯಾವ ಸಂಕೋಚವೂ ಇಲ್ಲದೆ ಹೇಳಿಬಿಟ್ಟಳು: "ಮುನ್ನೆಲ್ಲ ಅಕ್ಕ ಸಿರಿಚ್ಚು ಸಿರಿಚ್ಚು ಮಾತಾಡೋರು. ನೀ ಬಂದ ಮೇಲೆ ತಾನೇ ಮುಖ ಹಿಂಗಾಗಿದ್ದು." ಅಂದರೆ ನನ್ನ ಕಾಲ್ಗುಣ. ನಾನು ಕೊಡ ಅಲ್ಲೇ ಇಟ್ಟು ಮನೆಗೆ ಬಂದೆ. ಅತ್ತೆ ಕಂಬಕ್ಕೆ ಒರಗಿ ಕೂತಿದ್ದರು. ನನ್ನನ್ನು ನೋಡಿದರು. ಆ ಮುಖದಲ್ಲಿ ಹುಬ್ಬು ಕೂಡ ಏಳಲಿಲ್ಲ. ಅವತ್ತೇ ತೀರ್ಮಾನ ಮಾಡಿದೆ, ಇವರಿಗೆ ನಾನು ಬೇಡ.

ಮಗಳು ಹೊಟ್ಟೆಯಲ್ಲಿ ನಿಂತ ಸುದ್ದಿಯನ್ನು ಮೊದಲು ಹೇಳಿದ್ದು ಅತ್ತೆಗೇ. ಇದಕ್ಕಾದರೂ ಕರಗುತ್ತಾರೆ ಎಂಬ ಆಸೆ. ಅವರು ನನ್ನನ್ನು ನೋಡುತ್ತಲೇ ಇದ್ದು, ಸ್ವಲ್ಪ ಹೊತ್ತಾದ ಮೇಲೆ, ಗಂಟಲಲ್ಲೇ ಸಿಕ್ಕಿಕೊಂಡ ಹಾಗೆ, "ಸರಿ" ಎಂದರು. ಅಷ್ಟೇ. ನಾನು ಹಿತ್ತಿಲಿಗೆ ಹೋಗಿ ಅತ್ತುಬಿಟ್ಟೆ. ಗಂಡನಿಗೆ ಹೇಳಿದರೆ, "ಅವ್ವ ಹಾಗೇ, ಬುಡು" ಎಂದು ಲಾಳಿ ಎಳೆಯತೊಡಗಿದರು. ಅವರಿಗೆ ಮಗ್ಗದ ಸದ್ದಿನ ಆಚೆ ಏನೂ ಕೇಳಿಸುತ್ತಿರಲಿಲ್ಲ.

ಅಳು ಮುಗಿದ ಮೇಲೆ ನನ್ನಲ್ಲಿ ಹುಟ್ಟಿದ್ದು ಹಟ. ಅಲ್ಲಿಂದ ಮುಂದಕ್ಕೆ ಅತ್ತೆ ನಿಧಾನವಾದದ್ದೆಲ್ಲ ನನಗೆ ಬೇಕೆಂದೇ ಮಾಡಿದಂತೆ ಕಂಡಿತು. ಸ್ನಾನಕ್ಕೆ ಹೋದರೆ ಒಂದು ಗಂಟೆ. ರವಿಕೆಯ ಗುಂಡಿ ಹಾಕಿಕೊಳ್ಳಲು ಇನ್ನೊಂದಿಷ್ಟು ಹೊತ್ತು. ದನಿ ಇಳಿಯಿತು, ಎರಡು ಸಲ ಕೇಳಿದರೂ ತಿಳಿಯುತ್ತಿರಲಿಲ್ಲ. ಮೂರನೇ ಸಲ ನಾನು ಕೇಳುತ್ತಲೂ ಇರಲಿಲ್ಲ. ಪಾದ ಎತ್ತದೆ ತುಸು ತುಸುವೇ ಎಳೆಯುತ್ತಾ ನಡೆಯುತ್ತಿದ್ದರು. ಕೂತಲ್ಲಿ ಬಲಗಾಲೂ ಟಪಟಪ ಎನ್ನುತ್ತಿತ್ತು. ನನ್ನ ಮೇಲಿನ ಅಸಹನೆಯನ್ನು ಕಾಲಿನಲ್ಲಿ ತೋರಿಸುತ್ತಿದ್ದಾರೆ ಎಂದುಕೊಂಡೆ. ನಾನು ಎಂಥ ಮೂರ್ಖಳಾಗಿದ್ದೆ ಎಂದು ಈಗ ಬರೆಯುವಾಗಲೂ ಮೈ ಉರಿಯುತ್ತದೆ.

ಊಟದ ವಿಷಯ ಬರೆಯದೆ ಬಿಡಬಹುದಿತ್ತು. ಮಗಳು ಹುಟ್ಟಿದ ಮೇಲೆ ನನಗೆ ಕೆಲಸ ಮೈತುಂಬ. ಅತ್ತೆ ಒಂದು ತುತ್ತನ್ನು ಬಾಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಅಗಿಯುತ್ತಾ ಕೂರುತ್ತಿದ್ದರು. ಒಂದು ಸಂಜೆ, ಮಗು ಅಳುತ್ತಿತ್ತು, ಪಾತ್ರೆ ಬಿದ್ದಿತ್ತು. "ಸಾಕಲ್ಲ ಅತ್ತೆ, ಇದೇನು ಕಲ್ಯಾಣ ಊಟವೇ?" ಎಂದು ತಟ್ಟೆ ಎತ್ತಿಬಿಟ್ಟೆ. ಅವರ ಕೈಯಲ್ಲಿ ಕಲಸಿದ ತುತ್ತು ಹಾಗೇ ಇತ್ತು. ಆಮೇಲೆ ಅದು ರೂಢಿಯಾಯಿತು. ಅವರು ತೆಳ್ಳಗಾದರು. ವಯಸ್ಸು ಎಂದೆವು.

ಇದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ನಮ್ಮ ಮನೆಯಿಂದ ಮೂರನೆಯ ಮನೆಯವರು ಹೊಸ ಮಗ್ಗ ಹೂಡಿದರು. ಆ ಮನೆಯಾಕೆ ಬೆಳಿಗ್ಗೆ ಅರಿಶಿನ ಕುಂಕುಮದ ತಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದಳು.

"ಅಕ್ಕ ಇದ್ದಾರಾ? ನಾಳೆ ನಲ್ಲ ದಿನ. ಮೊದ್ಲ ನೂಲು ಅಕ್ಕನ ಕೈಲಿ ತಾನೇ ಕೆಚ್ಚಿಸ್ಬೇಕು."

ಅಷ್ಟು ಹೊತ್ತಿಗೆ ಅತ್ತೆಯ ಕೆಲಸ ಬಹಳ ನಿಧಾನವಾಗಿತ್ತು. ಒಂದು ದಿನದ ಕೆಲಸಕ್ಕೆ ನಾಲ್ಕು ದಿನ. ಉಳಿದ ನೂಲುಗಳನ್ನು ನಾನೇ ಕೆಚ್ಚಿ ಮುಗಿಸುತ್ತಿದ್ದೆ. ಹೆಸರು ಮಾತ್ರ ಅವರದು. ಆ ಹೊಟ್ಟೆಯುರಿಯೆಲ್ಲ ಒಂದೇ ಸಲ ನಾಲಿಗೆಗೆ ಬಂತು.

"ಅತ್ತೆ ಕೈ ಮುನ್ನ ಮಾದಿರಿ ಇಲ್ಲಕ್ಕಾ. ಕೆಚ್ಚಿದ್ದೆಲ್ಲ ಕಿತ್ಕೊಂಡು ಬರ್ತದೆ. ಹೊಸ ಮಗ್ಗ ಅಂತೀರಿ, ಯಾಕೆ ಸುಮ್ನೆ? ಬೇರೆ ಯಾರ್ನಾದ್ರೂ ಕರೀರಿ."

ಕಿತ್ತುಕೊಂಡು ಬರುತ್ತದೆ ಎಂಬುದು ಶುದ್ಧ ಸುಳ್ಳು. ನಿಧಾನವಾಗಿದ್ದರೇ ಹೊರತು ಅವರ ಒಂದು ನೂಲೂ ಬಿಟ್ಟಿರಲಿಲ್ಲ. ಆಕೆ ತಟ್ಟೆ ಹಿಡಿದೇ ವಾಪಸು ಹೋದಳು. ಮಧ್ಯಾಹ್ನದೊಳಗೆ ಬೀದಿಗೆಲ್ಲ ಗೊತ್ತಾಯಿತು. ಆಮೇಲೆ ಅತ್ತೆಯನ್ನು ಯಾರೂ ಕರೆಯಲಿಲ್ಲ. ಅತ್ತೆ ಏನೂ ಕೇಳಲಿಲ್ಲ, ಮುಖವೂ ಬದಲಾಗಲಿಲ್ಲ. ಅವರಿಗೆ ತಿಳಿದಿಲ್ಲ ಎಂದುಕೊಂಡು ನಾನು ನನ್ನ ಪಾಡಿಗೆ ಇದ್ದೆ.

ಕೆಲವು ತಿಂಗಳ ಮೇಲೆ ಅವರು ಹಿತ್ತಿಲಲ್ಲಿ ಬಿದ್ದರು. ಎಡವಿ ಬಿದ್ದದ್ದಲ್ಲ, ತಿರುಗಲು ಹೋದವರು ನಿಂತ ಮರದ ಹಾಗೆ ಹಿಂದಕ್ಕೆ ಉರುಳಿದರು. ಕೈ ಊರಿಕೊಳ್ಳಲೂ ಇಲ್ಲ. ಊರಿನ ಡಾಕ್ಟರು ತಲೆಗೆ ಹೊಲಿಗೆ ಹಾಕಿ, ಕೈ ನೋಡಿ, "ನರಂಬು ತಳರ್ಚಿ" ಎಂದರು. ನರಗಳು ಸೋತಿವೆ ಎಂದು ಅರ್ಥ. ನಮ್ಮ ಕಡೆ ಯಾವ ಸುಸ್ತಿಗೂ ಅದೇ ಹೆಸರು. ಶಕ್ತಿಗೆಂದು ಕೆಂಪು ಬಣ್ಣದ ಔಷಧದ ಸೂಜಿ ಹತ್ತು ಹಾಕಿದರು. ಏನೂ ಆಗಲಿಲ್ಲ. ಎರಡನೆಯ ಸಲ ಬಿದ್ದಾಗ ಆ ಡಾಕ್ಟರೇ, ಕೊಯಮತ್ತೂರಿಗೆ ಕರೆದುಕೊಂಡು ಹೋಗಿ, ನರಗಳ ಡಾಕ್ಟರಿಗೆ ತೋರಿಸಿ ಎಂದು ಚೀಟಿ ಕೊಟ್ಟರು.

ಕೊಯಮತ್ತೂರಿನ ಗಾಂಧಿಪುರಂನಲ್ಲಿ ಬಸ್ಸಿಂದ ಇಳಿಯುವಾಗ ಅತ್ತೆ ಮೆಟ್ಟಿಲ ಮೇಲೆ ನಿಂತುಬಿಟ್ಟರು. ಕಂಡಕ್ಟರು ಸೀಟಿ ಊದುತ್ತಾನೆ, ಹಿಂದಿನವರು ತಳ್ಳುತ್ತಾರೆ, ಇವರ ಕಾಲು ಹಲಗೆಗೆ ಮೊಳೆ ಹೊಡೆದಂತಿದೆ. "ಇಷ್ಟು ಜನರ ಮುಂದೆ ಯಾಕತ್ತೆ ಈ ನಾಟಕ?" ಎಂದು ಕೂಗಿದೆ. ಕೊನೆಗೆ ಗಂಡ ಅವರನ್ನು ಮಗುವಿನ ಹಾಗೆ ಎತ್ತಿ ಇಳಿಸಿದರು. ಎತ್ತಿದಾಗಲೂ ಅವರ ಹೆಬ್ಬೆರಳು ಉರುಳುತ್ತಲೇ ಇತ್ತು.

ನರಗಳ ಡಾಕ್ಟರು ನಡುವಯಸ್ಸಿನ, ಸಿಡುಕಿನ ಮನುಷ್ಯ. ಅತ್ತೆಯನ್ನು ಎದುರಿಗೆ ಕೂರಿಸಿ, ಬಹಳ ಹೊತ್ತು ಏನೂ ಮಾಡದೆ ಬರೀ ನೋಡಿದರು. ಆಮೇಲೆ ಅವರ ಕೈ ಹಿಡಿದು ಮೊಣಕೈ ಮಡಿಸಿದರು, ಬಿಡಿಸಿದರು. ಮುಷ್ಟಿ ಮುಚ್ಚಿ ತೆರೆಯಲು ಹೇಳಿದರು. ಮೊದಲ ಎರಡು ಸಲ ಕೈ ಪೂರ್ತಿ ತೆರೆಯಿತು, ಆಮೇಲೆ ಸಣ್ಣದಾಗುತ್ತಾ ಹೋಗಿ ನಿಂತಿತು. ಬೆರಳ ಆಟ ಎಷ್ಟು ದಿನದಿಂದ ಎಂದು ತಮಿಳಿನಲ್ಲಿ ಕೇಳಿದರು.

"ಅದು ಕಾಯಿಲೆ ಅಲ್ಲ ಡಾಕ್ಟರ್" ಎಂದರು ನನ್ನ ಗಂಡ. "ನಾವು ನೇಕಾರರು. ಅವ್ವನದು ನೂಲು ಹೊಸೆಯುವ ಕೈ. ಪಳಕ್ಕ, ಕೈಗೆ ಬಿದ್ದ ರೂಢಿ."

ಡಾಕ್ಟರು ಮೇಜಿನ ಕೆಳಗೆ ಬೆರಳು ತೋರಿಸಿದರು. ಅತ್ತೆಯ ಬಲಗಾಲು ಟಪಟಪ ಎನ್ನುತ್ತಿತ್ತು. "ಕಾಲೂ ನೂಲು ಹೊಸೆಯುತ್ತದೆಯೋ?" ಎಂದರು.

ನಾವಿಬ್ಬರೂ ಆ ಕಾಲನ್ನೇ ನೋಡುತ್ತಾ ಕೂತೆವು. ನಾಲ್ಕು ವರ್ಷ ದಿನವೂ ಕಂಡ ಕಾಲು ಅದು.

ಅವರು ಕಾಯಿಲೆಯ ಹೆಸರು ಹೇಳಿದರು, ಪಾರ್ಕಿನ್ಸನ್. ಮೆದುಳಿನ ಬುಡದಲ್ಲಿ ಒಂದು ಸಣ್ಣ ಜಾಗ ಇದೆಯಂತೆ. ಮೈ ಅಲುಗಾಡಲು ಬೇಕಾದ ಒಂದು ರಸ ಅಲ್ಲಿ ತಯಾರಾಗುತ್ತದಂತೆ. ಇವರಲ್ಲಿ ಆ ಜಾಗ ಒಣಗುತ್ತಿದೆ. ಮನಸ್ಸು ಹೇಳುತ್ತದೆ, ಮೈ ಕೇಳುವುದಿಲ್ಲ. ಸೋಮಾರಿತನ ಅಲ್ಲ, ವಯಸ್ಸೂ ಅಲ್ಲ. ಗುಣವಾಗುವುದಿಲ್ಲ, ಆದರೆ ಆ ರಸದ ಬದಲಿಗೆ ಮಾತ್ರೆ ಇದೆ. ಕೆಲವು ವರ್ಷ ಚೆನ್ನಾಗಿ ನಡೆಯುತ್ತದೆ. ಇಷ್ಟು ಹೇಳಿ ಅವರು ನನ್ನ ಕಡೆ ತಿರುಗಿದರು.

"ಇವರು ಕೊನೆಯ ಸಲ ನಕ್ಕದ್ದು ಯಾವಾಗ?"

ನಾನು ನೋಡಿಯೇ ಇಲ್ಲ ಎಂದೆ. ನನ್ನನ್ನು ಕಂಡರೆ ಆಗುವುದಿಲ್ಲ, ಅದಕ್ಕೆ ಎಂದೂ ಸೇರಿಸಿದೆ. ಡಾಕ್ಟರ ಎದುರು ಅತ್ತೆಯ ಮೇಲೆ ದೂರು ಹೇಳುವಷ್ಟು ಬುದ್ಧಿವಂತೆ ನಾನು.

"ಅಮ್ಮ, ಮುಖದಲ್ಲೂ ಇರುವುದು ಅದೇ ಮೈ ತಾನೇ?" ಎಂದರು ಅವರು. "ಕೈ ಗಟ್ಟಿಯಾದ ಹಾಗೆ ಮುಖವೂ ಗಟ್ಟಿಯಾಗುತ್ತದೆ. ಒಳಗೆ ನಗುತ್ತಾರೆ, ಹೊರಗೆ ಬರುವುದಿಲ್ಲ. ನೀವು ಮಾತಾಡಿದ್ದೆಲ್ಲ ಅವರಿಗೆ ಕೇಳುತ್ತದೆ, ತಿಳಿಯುತ್ತದೆ."

ಅತ್ತೆ ಪಕ್ಕದಲ್ಲೇ ಕೂತಿದ್ದರು. ಅವರ ಕಡೆ ತಿರುಗುವ ಧೈರ್ಯ ಆಗಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ಅವರ ಪಕ್ಕದ ಸೀಟು ಗಂಡನಿಗೆ ಬಿಟ್ಟು ನಾನು ಹಿಂದೆ ಕೂತೆ.

ಅಂದಿನಿಂದ ನಾನು ಬೇರೆಯೇ ಸೊಸೆಯಾದೆ. ಆಡಬಾರದ್ದನ್ನೆಲ್ಲ ಆಡಿ ಮುಗಿಸಿದವಳಿಗೆ ಈಗ ಸೇವೆಯ ಅವಸರ. ಮಾತ್ರೆ ದಿನಕ್ಕೆ ಮೂರು ಹೊತ್ತು. ಇಂಗ್ಲಿಷ್ ಮಾತ್ರೆ ಸೂಡು, ಮೈ ಉಷ್ಣವಾಗುತ್ತದೆ, ಬರಿ ಹೊಟ್ಟೆಗೆ ಹಾಕಿದರೆ ಕರುಳು ಸುಡುತ್ತದೆ ಎಂಬುದು ನಮ್ಮ ಬೀದಿಯಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಅದಕ್ಕೆ ಹಾಲು. ಹಸು ಕರೆಯುವ ಮನೆಗೇ ಹೋಗಿ ನೀರು ಬೀಳದ ಹಾಲು ತಂದು, ಗಟ್ಟಿಯಾಗಿ ಕಾಯಿಸಿ, ಒಂದೊಂದು ಮಾತ್ರೆಗೂ ಒಂದು ದೊಡ್ಡ ಲೋಟ ಕುಡಿಸುತ್ತಿದ್ದೆ. ಜೊತೆಗೆ ಶಕ್ತಿ ಬರಲಿ ಎಂದು ಹುರುಳಿಕಟ್ಟಿನ ಸಾರು. ಗಂಟಲಲ್ಲಿ ಇಳಿಯದಿದ್ದರೆ ಚಮಚದಲ್ಲಿ ಕುಡಿಸುತ್ತಿದ್ದೆ. ಅವರು ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದರು. ಈಗ ಆ ನೋಟದಲ್ಲಿ ಪ್ರೀತಿ ಇದೆ ಎಂದು ನಾನೇ ಅಂದುಕೊಳ್ಳಲು ಶುರು ಮಾಡಿದೆ. ಮೊದಲು ಕೋಪ ಎಂದು ಓದಿದವಳು, ಈಗ ನನಗೆ ಅನುಕೂಲವಾದಂತೆ ಓದಿಕೊಂಡೆ.

ಮೂರು ತಿಂಗಳಾಯಿತು. ಒಂದು ದಿನ ಸ್ವಲ್ಪ ಚುರುಕಾದರೆ ನಾಲ್ಕು ದಿನ ಮತ್ತೆ ಕಲ್ಲು. ಡಾಕ್ಟರು ಸುಳ್ಳು ಹೇಳಿದರು ಎಂದರು ನನ್ನ ಗಂಡ. ಮತ್ತೆ ಕೊಯಮತ್ತೂರಿಗೆ ಹೋದೆವು. ಡಾಕ್ಟರು ಮಾತ್ರೆ ಹೆಚ್ಚಿಸಲು ಪೆನ್ನು ಎತ್ತಿದವರು ಏನೋ ಯೋಚಿಸಿ ನಿಲ್ಲಿಸಿ, ಮಾತ್ರೆಯನ್ನು ಯಾವುದರ ಜೊತೆ ಕೊಡುತ್ತೀರಿ ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಹೇಳಿದೆ, ಹಾಲಿನಲ್ಲಿ.

ಅವರು ಪೆನ್ನು ಕೆಳಗಿಟ್ಟರು. ಈ ಮಾತ್ರೆಯೂ ಹಾಲಿನ ಸತ್ವವೂ ಮೈಯೊಳಗೆ ಸೇರುವುದು ಒಂದೇ ಬಾಗಿಲಿಂದ, ಹಾಲು ಮುಂದೆ ನುಗ್ಗಿದರೆ ಮಾತ್ರೆ ಹೊರಗೇ ನಿಲ್ಲುತ್ತದೆ ಎಂದರು. ಹುರುಳಿಯೂ ಹಾಗೆಯೇ. ಊಟಕ್ಕೆ ಮುಕ್ಕಾಲು ಗಂಟೆ ಮೊದಲು, ಬರೀ ನೀರಿನಲ್ಲಿ ಕೊಡಿ. ಹಾಲು ಕುಡಿಸುವುದಿದ್ದರೆ ಸಂಜೆ ಮಾತ್ರೆಯೆಲ್ಲ ಮುಗಿದ ಮೇಲೆ. "ಮೂರು ತಿಂಗಳು ನೀವು ಮಾತ್ರೆಯನ್ನು ಹಾಲಿಗೆ ಬಲಿ ಕೊಟ್ಟಿದ್ದೀರಿ" ಎಂದು ಬೈದರು. ನನ್ನ ಕೆಟ್ಟತನ ಅವರ ಮಾತ್ರೆಯನ್ನು ಕೆಡಿಸಿರಲಿಲ್ಲ, ನನ್ನ ಒಳ್ಳೆಯತನ ಕೆಡಿಸಿತ್ತು. ನಗುವಂತಿದ್ದರೆ ನಗಬಹುದಾದ ಮಾತು.

ಮರುದಿನ ಬೆಳಿಗ್ಗೆ ನೀರಿನಲ್ಲಿ ಮಾತ್ರೆ ಕೊಟ್ಟು, ಅವರ ಎದುರಿಗೆ ಕೂತು ಸೊಪ್ಪು ಬಿಡಿಸತೊಡಗಿದೆ. ಅರ್ಧ ಗಂಟೆ ಆಗಿರಬೇಕು. ಮೊದಲು ಕಾಲು ನಿಂತಿತು. ಆಮೇಲೆ ಹೆಬ್ಬೆರಳು ನಿಂತಿತು. ನಾಲ್ಕು ವರ್ಷದಲ್ಲಿ ಮೊದಲ ಸಲ ಆ ಕೈ ತೊಡೆಯ ಮೇಲೆ ಸುಮ್ಮನೆ ಮಲಗಿತ್ತು. ಅವರು ಕಂಬ ಹಿಡಿಯದೆ ಎದ್ದರು. ನಡುಮನೆಯಿಂದ ಜಗಲಿಗೆ ಹೋಗಿ ಬಂದರು, ಪಾದ ಎತ್ತಿ ಎತ್ತಿ. ಗಂಡ ಮಗ್ಗದ ಕುಣಿಯಿಂದ ಎದ್ದು ನಿಂತು ಬಾಯಿ ಬಿಟ್ಟುಕೊಂಡು ನೋಡಿದರು. ಮಗಳು ಓಡಿ ಹೋಗಿ ಅಜ್ಜಿಯ ಸೆರಗು ಹಿಡಿದಳು. ಅತ್ತೆ ಅವಳನ್ನು ನೋಡಿ ನಕ್ಕರು. ಬಾಯಿ, ಕೆನ್ನೆ, ಕಣ್ಣು ಎಲ್ಲ ಸೇರಿ ನಕ್ಕ ನಗೆ. ನನ್ನ ಗಂಡ ಗೊಳೋ ಎಂದು ಅತ್ತುಬಿಟ್ಟರು.

ನಾನು ಕಾದೆ. ಆ ಮುಖ ನನ್ನ ಕಡೆಗೂ ತಿರುಗುತ್ತದೆ ಎಂದು ಕಾದೆ. ತಿರುಗಿತು. ಹುಬ್ಬು ಕೂಡಿಕೊಂಡಿತು, ತುಟಿ ಬಿಗಿಯಿತು.

"ಆವತ್ತು ಅವಳು ತಟ್ಟೆ ಹಿಡ್ಕೊಂಡು ಬಂದು ಕರೆದಳಲ್ಲ" ಎಂದರು. ದನಿ ಸ್ಪಷ್ಟವಾಗಿತ್ತು. "ನಾನು ಒಳಗಿಂದ ಎದ್ದು ಬಂದೆ. ನಿಲೆಬಾಗ್ಲತ್ರ ಕಾಲು ನೆಲಕ್ಕೆ ಒಟ್ಕೊಂಡ್ಬುಡ್ತು. ಒಂದಡಿ ಇತ್ತು ಅಷ್ಟೇ. ನೀ ಹೇಳಿದ್ದೆಲ್ಲ ಕೇಳ್ತು."

ನಾನು ಬಾಯಿ ತೆರೆದೆ. ಅವರು ಕೈ ಎತ್ತಿ ನಿಲ್ಲಿಸಿದರು.

"ನೀ ಬಂದಾಗ ನಿನ್ ಮೇಲೆ ನಂಗೇನೂ ಕೋಪ ಇಲ್ಲ. ಮಗು ಅಂದಾಗ ಸಂತೋಷ ತಾನೇ ಆಯ್ತು. ಮುಖ ನನ್ನ ಮಾತು ಕೇಳ್ಲಿಲ್ಲ. ಈಗ ಕೇಳ್ತದೆ. ಈಗ ಕೋಪ ಇದೆ. ನೋಡ್ಕೋ."

ನೋಡಿಕೊಂಡೆ. ನಾಲ್ಕು ವರ್ಷ ಇಲ್ಲದ ಕೋಪವನ್ನು ಆ ಮುಖದಲ್ಲಿ ಹುಡುಕಿ ಹುಡುಕಿ ಕಂಡುಕೊಂಡಿದ್ದೆ. ನಿಜವಾದ ಕೋಪ ಎಂದರೆ ಅದು ಬೇರೆಯೇ ಎಂದು ಅವತ್ತು ತಿಳಿಯಿತು. ಅದು ಪೂರ್ತಿ ನನ್ನ ಸಂಪಾದನೆ. ಕ್ಷಮಿಸಿ ಎನ್ನಲು ನಾಲಿಗೆ ಏಳಲಿಲ್ಲ. ಇಷ್ಟು ಬೇಗ ಕ್ಷಮೆ ಕೇಳಿದರೆ ಅದನ್ನೂ ಒಂದು ಆಟ ಎಂದುಕೊಂಡಾರು ಎನಿಸಿತು. ಇನ್ನೊಂದು ಒಳ್ಳೆಯ ಹೊತ್ತಿನಲ್ಲಿ ಕೇಳೋಣ, ಈಗ ಹೊತ್ತಿಗೆ ಬರವಿಲ್ಲವಲ್ಲ ಎಂದುಕೊಂಡೆ.

ಒಳ್ಳೆಯ ಹೊತ್ತು ಮೊದಲ ವರ್ಷ ದಿನವಿಡೀ ಇತ್ತು. ಅವರು ಮತ್ತೆ ನೂಲು ಕೆಚ್ಚಿದರು. ನನ್ನ ಜೊತೆ ಬೇಕಾದಷ್ಟೇ ಮಾತು: ಉಪ್ಪು ಸಾಲದು, ಮಗು ಎದ್ದಿದೆ, ಬೂದಿ ಎಲ್ಲಿಟ್ಟೆ. ಬೀದಿಯವರು ಹೊಸ ಮಗ್ಗಕ್ಕೆ ಮಾತ್ರ ಕರೆಯಲಿಲ್ಲ. ನಾನು ಸುಳ್ಳು ಹೇಳಿದ್ದೆ ಎಂದು ಮೂರನೆಯ ಮನೆಗೆ ಹೋಗಿ ಒಪ್ಪಿಕೊಂಡೆ. ಆಕೆ, "ಪೋಗಟ್ಟುಂ ಬುಡು", ಹೋಗಲಿ ಬಿಡು, ಎಂದಳು. ಒಮ್ಮೆ ಕೆಟ್ಟಿತು ಎನಿಸಿದ ಕೈರಾಶಿ ಮತ್ತೆ ಬರುವುದಿಲ್ಲ ಎಂದು ಆಕೆಯ ಮುಖವೇ ಹೇಳುತ್ತಿತ್ತು. ಆಕೆಯ ಮುಖ ಓದಲು ಯಾವ ಕಷ್ಟವೂ ಇರಲಿಲ್ಲ.

ಎರಡನೆಯ ವರ್ಷ ಒಂದು ಮಾತ್ರೆಯ ಬಲ ನಾಲ್ಕು ಗಂಟೆಗೆ ಇಳಿಯಿತು. ಆಮೇಲೆ ಮೂರು, ಎರಡು. ಡಾಕ್ಟರು ಹೊತ್ತು ಬದಲಾಯಿಸಿದರು, ಮಾತ್ರೆ ಅರ್ಧ ಮಾಡಿ ಐದು ಸಲ ಕೊಡಲು ಹೇಳಿದರು. ಮಾತ್ರೆ ಹೆಚ್ಚಾದರೆ ಮೈ ಹಿಡಿತ ತಪ್ಪಿ ಕುಣಿಯುತ್ತದೆ, ಹೇಳಿದ್ದಕ್ಕಿಂತ ಒಂದು ಚೂರೂ ಜಾಸ್ತಿ ಕೊಡಬೇಡಿ ಎಂದು ಎಚ್ಚರಿಸಿದರು. ಮಾತ್ರೆ ಹಿಡಿದ ಅಷ್ಟು ಹೊತ್ತಿನಲ್ಲಿ ಎಲ್ಲ ಆಗಬೇಕು: ಬಹಿರ್ದೆಸೆ, ಸ್ನಾನ, ತಲೆ ಬಾಚುವುದು, ಊಟ, ಒಂದು ಸುತ್ತು ನಡೆಸುವುದು. ನಾನು ಗಡಿಯಾರ ನೋಡುತ್ತಾ ಓಡಾಡುತ್ತಿದ್ದೆ. ಕ್ಷಮೆ ಕೇಳುವ ಕೆಲಸ ದಿನವೂ ಕೊನೆಗೆ ಉಳಿಯುತ್ತಿತ್ತು, ಅಷ್ಟರಲ್ಲಿ ಮಾತ್ರೆಯ ಬಲ ಇಳಿದು ಬಾಗಿಲು ಮುಚ್ಚುತ್ತಿತ್ತು. ಇದು ನೆಪ ಎಂದು ನನಗೆ ಗೊತ್ತು. ತಲೆ ಬಾಚುವಾಗ ಒಂದು ಮಾತು ಆಡಲು ಎಷ್ಟು ಹೊತ್ತು ಬೇಕು? ಅವರು ಇಲ್ಲ ಎಂದುಬಿಟ್ಟರೆ ಎಂದು ಹೆದರಿಕೊಂಡಿದ್ದೆ.

ನಾಲ್ಕನೆಯ ವರ್ಷಕ್ಕೆ ದನಿ ಪೂರ್ತಿ ಹೋಯಿತು. ಮಾತ್ರೆ ಹಿಡಿದಾಗಲೂ ಮುಖ ಅರ್ಧವಷ್ಟೇ ತೆರೆಯುತ್ತಿತ್ತು. ಹಲವು ದಿನ ಅದೂ ಇಲ್ಲ. ಗಂಜಿ ನುಂಗಲೂ ಕಷ್ಟ. ಆಗ ನನಗೆ ಅವಸರ ಹುಟ್ಟಿತು. ಒಂದು ಮಧ್ಯಾಹ್ನ, ಗಂಡ ಸೀರೆ ಒಪ್ಪಿಸಲು ಪೊಳ್ಳಾಚಿಗೆ ಹೋಗಿದ್ದರು, ಮಗಳು ಬಾಲವಾಡಿಯಲ್ಲಿದ್ದಳು. ಅತ್ತೆಯ ಮುಂದೆ ಕೂತು, ಅವರ ಕೈ ಹಿಡಿದು, ಕೊನೆಗೂ ಕೇಳಿದೆ. "ನನ್ನ ಮೇಲೆ ಇನ್ನೂ ಕೋಪ ಇದೆಯಾ ಅತ್ತೆ? ಮನ್ನಿಸ್ಬುಡಿ."

ಅವರು ನೋಡಿದರು. ತುಟಿ ತುಸು ಅಲುಗಿತು. ಕಿವಿ ಹತ್ತಿರ ಹಿಡಿದೆ, ಉಸಿರಷ್ಟೇ ಬಂತು. ಆಗ ತಲೆಯಲ್ಲಿ ಒಂದು ಯೋಚನೆ ಬಂತು. ಮಧ್ಯಾಹ್ನದ ಅರ್ಧ ಮಾತ್ರೆಯ ಹೊತ್ತು ಆಗಿತ್ತು. ಅರ್ಧದ ಬದಲು ಎರಡು ಪೂರ್ತಿ ಮಾತ್ರೆ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಚಮಚದಲ್ಲಿ ಕುಡಿಸಿದೆ. ಡಾಕ್ಟರ ಮಾತು ನೆನಪಿರಲಿಲ್ಲ ಎಂದು ಸುಳ್ಳು ಹೇಳುವುದಿಲ್ಲ. ನೆನಪಿತ್ತು. ಆ ಮಾತ್ರೆ ನಾನು ಅವರಿಗಾಗಿ ಕೊಡಲಿಲ್ಲ. ನನಗೆ ಉತ್ತರ ಬೇಕಾಗಿತ್ತು.

ಅರ್ಧ ಗಂಟೆಯ ಮೇಲೆ ಮೊದಲು ಭುಜ ತಿರುಚಿಕೊಂಡಿತು. ಆಮೇಲೆ ಕತ್ತು. ಕೈಕಾಲು ಒಂದೊಂದು ದಿಕ್ಕಿಗೆ ಎಳೆದಾಡಿದವು. ನಡು ಎದ್ದೆದ್ದು ಬಿತ್ತು. ಚಾಪೆಯಿಂದ ನೆಲಕ್ಕೆ ಉರುಳಿದರು. ನಾನು ಅವರ ಮೇಲೆ ಅರ್ಧ ಮಲಗಿ, ತಲೆ ನೆಲಕ್ಕೆ ಬಡಿಯದಂತೆ ಎರಡೂ ಕೈಯಲ್ಲಿ ಹಿಡಿದೆ. ಮುಖ ನನ್ನ ಮುಖದ ಹತ್ತಿರವೇ ಇತ್ತು, ತೆರೆದುಕೊಂಡಿತ್ತು. ತುಟಿ ನಗುವಿನ ಹಾಗೆ ಅಗಲವಾಯಿತು, ಮರುಕ್ಷಣ ಅಳುವಿನ ಹಾಗೆ ಕೆಳಗಿಳಿಯಿತು. ಹುಬ್ಬು ಗಂಟಿಕ್ಕಿತು, ಬಿಚ್ಚಿತು. ನಾಲಿಗೆ ಹೊರಗೆ ಬಂದು ಹೋಯಿತು. ನಾನು ಎಷ್ಟೋ ವರ್ಷ ಕಾದ ಎಲ್ಲ ಮುಖಗಳೂ ಒಂದರ ಹಿಂದೊಂದು ಬಂದವು. ಅದರಲ್ಲಿ ಒಂದೂ ಅವರದಾಗಿರಲಿಲ್ಲ. ಕಣ್ಣು ಮಾತ್ರ ಅವರದು, ಅದರಲ್ಲಿ ಹೆದರಿಕೆ ತುಂಬಿತ್ತು.

ಒಂದೂವರೆ ಗಂಟೆ ಹಾಗೇ ಇತ್ತು. ನಿಂತಾಗ ಅವರ ಮೈಯೆಲ್ಲ ಬೆವರು, ಮೊಣಕೈ ತರಚಿ ರಕ್ತ. ಬಟ್ಟೆ ಬದಲಾಯಿಸಿದೆ, ಗಾಯ ತೊಳೆದೆ. ನಾನೇ ಜಾಸ್ತಿ ಕೊಟ್ಟೆ ಅತ್ತೆ ಎಂದು ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. ಸಂಜೆ ಗಂಡ ಬಂದು ಮೊಣಕೈ ಏನಾಯಿತು ಎಂದಾಗ ಚಾಪೆಯಿಂದ ಉರುಳಿದರು ಎಂದೆ. ಅತ್ತೆ ಕೇಳಿಸಿಕೊಳ್ಳುತ್ತಾ ಮಲಗಿದ್ದರು.

ಅದಾದ ಮೇಲೆ ಅವರು ಏಳು ತಿಂಗಳು ಇದ್ದರು. ಮಾತ್ರೆಯನ್ನು ಹೇಳಿದ ಹೊತ್ತಿಗೆ, ಹೇಳಿದಷ್ಟೇ ಕೊಟ್ಟೆ. ಪ್ರತಿ ಸಲ ಚಮಚ ಹತ್ತಿರ ತಂದಾಗ ಅವರು ಮೊದಲು ಚಮಚ ನೋಡುತ್ತಿದ್ದರು, ಆಮೇಲೆ ನನ್ನನ್ನು ನೋಡುತ್ತಿದ್ದರು. ಬಾಯಿ ತೆರೆಯಲು ಹೊತ್ತು ಹಿಡಿಯುತ್ತಿತ್ತು. ಅದು ಕಾಯಿಲೆಯ ನಿಧಾನವೋ, ನನ್ನ ಕೈಯ ಹೆದರಿಕೆಯೋ, ನನಗೆ ಗೊತ್ತಾಗಲಿಲ್ಲ. ಕೇಳಲೂ ಇಲ್ಲ. ಬಾಯಿ ತೆರೆಯುವವರೆಗೆ ಚಮಚ ಹಿಡಿದು ಕೂತಿರುತ್ತಿದ್ದೆ.